ಮೂರನೆಯವರ ಮೂಗು

ಎಷ್ಟೋ ರೋಗಗಳಿಗೆ ಲಸಿಕೆ ಬಂದಿದೆ, ಹೊಟ್ಟೆಕಿಚ್ಚಿಗೆ ಮಾತ್ರ ಇನ್ನೂ ಬಂದಿಲ್ಲ. ಬಂದಿದ್ದರೆ ಮಾರುಕಟ್ಟೆ ಆಸ್ಪತ್ರೆಯ ದೊಡ್ಡ ಸಿಸ್ಟರ್ ಅದನ್ನು ಊರಿಗೆಲ್ಲ ಚುಚ್ಚಿ, ತಾನೊಬ್ಬಳು ಚುಚ್ಚಿಸಿಕೊಳ್ಳದೆ ಉಳಿಯುತ್ತಿದ್ದಳು. ತನಗೆ ಆ ರೋಗ ಇದೆ ಎಂದು ಒಪ್ಪಿದರೆ ತಾನೆ ಸೂಜಿಯ ಮಾತು?

ಮನೆಯಲ್ಲಿ ಅವಳು ದೊಡ್ಡವಳು. ಗಂಡನ ತಮ್ಮನ ಹೆಂಡತಿ ಚಿಕ್ಕವಳು. ಅತ್ತೆ ಇಬ್ಬರನ್ನೂ ಹಾಗೆ ಕರೆದು ಕರೆದು, ಕೊನೆಗೆ ಕೆಲಸದ ಜಾಗದಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಎರಡಂತಸ್ತಿನ ಮನೆ. ಕೆಳಗೆ ದೊಡ್ಡವಳ ಸಂಸಾರ, ಮೇಲೆ ಚಿಕ್ಕವಳದು, ಅಡುಗೆಮನೆ ಒಂದೇ. ಇಬ್ಬರು ಓರಗಿತ್ತಿಯರು ಒಂದು ಒಲೆಯ ಮುಂದೆ ಪಾತ್ರೆ ಸದ್ದಾಗದಂತೆ ಬದುಕುತ್ತಿದ್ದಾರೆ ಎಂದು ಬೀದಿಯವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಸದ್ದು ಹೊರಗೆ ಬರುತ್ತಿರಲಿಲ್ಲ, ಅಷ್ಟೇ. ದೊಡ್ಡವಳ ಹೊಟ್ಟೆಯೊಳಗೆ ಪಾತ್ರೆ ಪಡಗ ಎಲ್ಲ ಉರುಳುತ್ತಿದ್ದವು.

ಇಬ್ಬರದೂ ಒಂದೇ ಕೆಲಸ. ನೆಗಡಿ, ಜ್ವರ, ಕೆಮ್ಮಿನ ಕಾಲದಲ್ಲಿ ಯಾವ ಸೋಂಕು ಎಲ್ಲಿ ತಲೆ ಎತ್ತುತ್ತಿದೆ ಎಂದು ನೋಡುತ್ತಿರಲು ಆ ಪ್ರಾಂತ್ಯದ ಕೆಲವು ಆಸ್ಪತ್ರೆಗಳನ್ನು ಕಾವಲು ಕೇಂದ್ರಗಳೆಂದು ಆರಿಸಿದ್ದರು. ಮಾರುಕಟ್ಟೆಯದು ಒಂದು, ಅಲ್ಲಿ ದೊಡ್ಡವಳು. ಹೊಲಿಗೆ ಕಾರ್ಖಾನೆಗಳ ಪಕ್ಕದ್ದು ಇನ್ನೊಂದು, ಅಲ್ಲಿ ಚಿಕ್ಕವಳು. ಜ್ವರ, ಕೆಮ್ಮು ಎಂದು ಬಂದವರ ಮೂಗಿಗೂ ಗಂಟಲಿಗೂ ಕಡ್ಡಿ ಹಾಕಿ ತಿರುವಿ, ಗುಲಾಬಿ ಬಣ್ಣದ ದ್ರವವಿರುವ ಪುಟ್ಟ ಸೀಸೆಯೊಳಗೆ ಅದನ್ನು ಮುರಿದು, ಮುಚ್ಚಳ ಬಿಗಿದು, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯದ ವ್ಯಾನಿಗೆ ಕೊಡುವುದು. ಸೋಮವಾರ ಪ್ರಾಂತ್ಯದ ಕಚೇರಿಯಿಂದ ವಾರದ ವರದಿ ಎಲ್ಲರ ಫೋನಿಗೂ ಬರುತ್ತಿತ್ತು. ಪ್ರತಿ ಕೇಂದ್ರಕ್ಕೂ ಒಂದೊಂದು ಬಣ್ಣದ ಗೆರೆ. ಕಳಿಸಿದ ಸೀಸೆಗಳಲ್ಲಿ ಹೆಚ್ಚು ಪಾಸಿಟಿವ್ ಬಂದರೆ ಗೆರೆ ಮೇಲೆ, ಇಲ್ಲವಾದರೆ ಕೆಳಗೆ. ಎಲ್ಲಿ ಗೆರೆ ಏರುತ್ತದೋ ಅಲ್ಲಿಗೆ ಔಷಧಿ, ಅಲ್ಲಿಗೇ ಹೆಚ್ಚಿನ ಡಾಕ್ಟರು.

ಈ ಕೆಲಸಕ್ಕೆ ಇರುವುದು ಒಂದೇ ಕಟ್ಟಳೆ. ಆರಿಸಬಾರದು. ಔಷಧಿ, ಸಾಲಿನಲ್ಲಿ ನಿಂತವರಿಗೆಲ್ಲ. ಕಡ್ಡಿ ಮಾತ್ರ ಪ್ರತಿ ಮೂರನೆಯವರಿಗೆ. ಆ ಮೂರನೆಯವರು ಜ್ವರದಲ್ಲಿ ಬೇಯುತ್ತಿರಲಿ, ಬರೀ ಮೂಗು ಒರೆಸಿಕೊಂಡು ನಿಂತಿರಲಿ, ಸರದಿ ಬಂತೆಂದರೆ ಅವರದೇ ಮೂಗು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಆ ಅಗುಳನ್ನು ತಳದಿಂದಲೇ ಕೆರೆದು ತೆಗೆದರೆ ಪಾತ್ರೆಯ ಅನ್ನವೆಲ್ಲ ಸೀದಂತೆ ಕಾಣುತ್ತದೆ. ಚಿಕ್ಕವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಅಗುಳಿನ ಮಾತನ್ನು ಅವಳಿಗೆ ಹೇಳಿದವಳು ದೊಡ್ಡವಳೇ. ಅಳುಕುತ್ತಿದ್ದ ಅವಳ ಕೈ ಹಿಡಿದು, ಕಡ್ಡಿಯನ್ನು ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ಆಡಿಸುವುದನ್ನು ಕಲಿಸಿದವಳೂ ದೊಡ್ಡವಳೇ.

ಕಲಿಸಿದ್ದೇ ತಪ್ಪಾಯಿತು ಎಂದು ಆಮೇಲೆ ಅನ್ನಿಸತೊಡಗಿತು. ಕಾರ್ಖಾನೆಗಳ ಕಡೆ ಹೆಣ್ಣುಮಕ್ಕಳು ಒತ್ತೊತ್ತಾಗಿ ಕೂತು ಹೊಲಿಯುತ್ತಾರೆ, ಒಂದೇ ವಸತಿಗೃಹದಲ್ಲಿ ಮಲಗುತ್ತಾರೆ. ಅಲ್ಲಿ ಒಬ್ಬಳು ಸೀನಿದರೆ ಸಾಲಿಗೆ ಸಾಲೇ ಸೀನುತ್ತದೆ. ಹೀಗಾಗಿ ವರ್ಷ ವರ್ಷವೂ ಫ್ಲೂ ಮೊದಲು ಸಿಗುತ್ತಿದ್ದುದು ಚಿಕ್ಕವಳ ಸೀಸೆಯಲ್ಲಿ. 'ಈ ಋತುವಿನ ಮೊದಲ ಪತ್ತೆ' ಎಂದು ವರದಿಯಲ್ಲಿ ಅವಳ ಕೇಂದ್ರದ ಹೆಸರು ದಪ್ಪಕ್ಷರದಲ್ಲಿ ಬರುತ್ತಿತ್ತು. ಫೋನಿನ ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು. ದೊಡ್ಡವಳೂ ಒಂದು ಚಪ್ಪಾಳೆ ಒತ್ತಿ ಫೋನನ್ನು ಬೋರಲು ಹಾಕುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಲ್ಲಿ ಕೆಸರು ತನ್ನ ಕೈಗೆ, ಮೊಸರು ಅವಳ ಬಾಯಿಗೆ. ಸೋಂಕು ಸಿಕ್ಕಿದ್ದು ಚಿಕ್ಕವಳ ಜಾಣತನದಿಂದಲ್ಲ, ಕಾರ್ಖಾನೆಯ ಇಕ್ಕಟ್ಟಿನಿಂದ ಎಂದು ಯಾರಿಗಾದರೂ ಬಿಡಿಸಿ ಹೇಳಬೇಕೆನಿಸುತ್ತಿತ್ತು. ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರಲ್ಲ ಎಂದು ಬಾಯಿ ಬಿಗಿಹಿಡಿಯುತ್ತಿದ್ದಳು. ಅದು ಹೊಟ್ಟೆಕಿಚ್ಚೇ ಆಗಿತ್ತು ಎಂಬುದು ಬೇರೆ ಮಾತು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಚಿಕ್ಕವಳು ಬಂದಮೇಲೆ ಮನೆಗೆ ಕಳೆ ಬಂತು ಎಂದು ಅತ್ತೆ ಯಾರೊಡನೆಯೋ ಫೋನಿನಲ್ಲಿ ಹೇಳುತ್ತಿದ್ದರೆ, ಅದು ದೊಡ್ಡವಳ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಇರುತ್ತಿತ್ತು. ಚಿಕ್ಕವಳು ನಕ್ಕರೆ ಚೆನ್ನ, ಉಟ್ಟರೆ ಚೆನ್ನ, ಕೊನೆಗೆ ಕೆಮ್ಮಿದರೂ ಚೆನ್ನ. ಅಂಥ ದಿನಗಳಲ್ಲಿ ದೊಡ್ಡವಳು ಯಾರೊಡನೆಯೂ ಮಾತಾಡದೆ ಅಡುಗೆಮನೆ ಹೊಕ್ಕು, ಒಲೆ, ಕಟ್ಟೆ, ಡಬ್ಬಿಗಳನ್ನೆಲ್ಲ ತಿಕ್ಕಿ ತೊಳೆದುಬಿಡುತ್ತಿದ್ದಳು.

ಆ ವರ್ಷ ಚಳಿ ಶುರುವಾಗುವ ಮೊದಲು ಪ್ರಾಂತ್ಯದ ಡಾಕ್ಟರಮ್ಮ ಎರಡೂ ಆಸ್ಪತ್ರೆಗಳಿಗೆ ಬಂದು ಒಂದು ಸುದ್ದಿ ಹೇಳಿಹೋದರು. ಎಲ್ಲ ಕಾವಲು ಕೇಂದ್ರಗಳಿಗೂ ಸೇರಿ ಒಬ್ಬ ಮುಖ್ಯ ಸಿಸ್ಟರನ್ನು ನೇಮಿಸುತ್ತಾರೆ. ಊರೂರು ತಿರುಗಿ ಉಳಿದವರಿಗೆ ಕಲಿಸುವ ಹುದ್ದೆ. ಇವರಿಬ್ಬರಲ್ಲಿ ಒಬ್ಬರಿಗೆ ಅದು ಸಿಗಬಹುದು. ಈ ಋತುವಿನ ಕೆಲಸ ನೋಡಿ ತೀರ್ಮಾನ.

ದೊಡ್ಡವಳಿಗೆ ಆ ಹುದ್ದೆ ಬೇಕಾಗಿತ್ತು. ಬೇಕಾಗಿತ್ತು ಅಂದರೆ, ಊಟ ಬೇಡ ಅನ್ನುವಷ್ಟು ಬೇಕಾಗಿತ್ತು. ತಾನೇ ಕೈಹಿಡಿದು ಕಲಿಸಿದವಳು ನಾಳೆ ಬಂದು 'ಅಕ್ಕ, ಕಡ್ಡಿ ಹೀಗೆ ಹಿಡೀರಿ' ಎಂದರೆ ಗುರುವಿಗೇ ತಿರುಮಂತ್ರ ಆಯಿತಲ್ಲ. ಅದನ್ನು ನೆನೆದುಕೊಂಡರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಸರದಿ ತಪ್ಪಿಸಿದ್ದು ಒಂದು ಬೆಳಿಗ್ಗೆ. ಜ್ವರದ ಸಾಲಿನಲ್ಲಿ ಮೂರನೆಯವನು ಗಡಿಯಾರ ರಿಪೇರಿಯವನು. ನಿನ್ನೆ ಸ್ವಲ್ಪ ಮೈ ಬೆಚ್ಚಗಿತ್ತು, ಕೆಮ್ಮು ಇದೆ ಎಂದ. ಕೆಮ್ಮಿ ತೋರಿಸು ಅಂದರೆ ನೆನಪು ಮಾಡಿಕೊಂಡು ಕೆಮ್ಮುವಂಥ ಕೆಮ್ಮು. ಅವನ ಹಿಂದೆ ತರಕಾರಿ ಮಾರುವ ಹೆಂಗಸು, ಕಣ್ಣು ಕೆಂಡ, ನಿಂತಲ್ಲೇ ನಡುಕ. ಇಷ್ಟು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? ಈಕೆಯ ಮೂಗಿನಲ್ಲಿ ಫ್ಲೂ ಇದೆ, ಅವನದರಲ್ಲಿ ಬರೀ ಸಿಂಬಳ ಎಂದು ದೊಡ್ಡವಳಿಗೆ ನೋಡಿದೊಡನೆ ಗೊತ್ತಾಯಿತು. ಹೋದ ಸೋಮವಾರದ ಎರಡು ಗೆರೆಗಳು ಕಣ್ಣ ಮುಂದೆ ಬಂದವು. ಗಡಿಯಾರದವನಿಗೆ ಡಾಕ್ಟರ ಕೋಣೆ ತೋರಿಸಿ, ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ ಬಾಯಿ ತೆಗೆಯಲು ಹೇಳಿದಳು. ಎರಡು ದಿನ ಕಳೆದು ಉತ್ತರ ಬಂತು, ಪಾಸಿಟಿವ್.

ಕೆಟ್ಟ ಕೆಲಸದ ಕಷ್ಟವೆಲ್ಲ ಮೊದಲನೆಯ ಸಲಕ್ಕೇ. ಆಮೇಲೆ ಅದು ಅಭ್ಯಾಸ. ಯಾರಿಗೂ ಸುಳ್ಳು ಹೇಳಿಲ್ಲ, ಸೀಸೆಯಲ್ಲಿ ನೀರು ತುಂಬಿಲ್ಲ, ಇರುವ ಸೋಂಕನ್ನೇ ಹುಡುಕಿಕೊಟ್ಟಿದ್ದೇನೆ ಎಂದು ತನಗೆ ತಾನೇ ವಕೀಲಿಕೆ ಮಾಡಿಕೊಂಡಳು. ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ, ಹೆಚ್ಚು ಸೊರಗಿದವರನ್ನೇ ಹೆಕ್ಕಿ ಕರೆಯತೊಡಗಿದಳು. ಮಾರುಕಟ್ಟೆಯ ಗೆರೆ ಗಾಳಿಪಟದ ಹಾಗೆ ಮೇಲಕ್ಕೆ ಹೋಯಿತು. ಚಿಕ್ಕವಳದು ಕೆಳಗೆ ಉಳಿಯಿತು. ಡಾಕ್ಟರಮ್ಮನೇ ಫೋನು ಮಾಡಿ, ನಿಮ್ಮ ಕೇಂದ್ರ ಇಲ್ಲದಿದ್ದರೆ ನಾವು ಕಣ್ಣಿದ್ದೂ ಕುರುಡರಾಗುತ್ತಿದ್ದೆವು ಎಂದರು. ಆ ಮಾತನ್ನು ದೊಡ್ಡವಳು ಗಂಡನಿಗೆ ಒಮ್ಮೆ, ಅತ್ತೆಗೆ ಒಮ್ಮೆ ಹೇಳಿ, ಅತ್ತೆಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದಳು.

ಆಸ್ಪತ್ರೆಗೆ ಸಂಚಾರಿ ವ್ಯಾನು ಬಂತು, ಹೊಸ ಡಾಕ್ಟರೊಬ್ಬರು ಬಂದರು, ಫ್ಲೂ ಕ್ಯಾಪ್ಸೂಲುಗಳ ರಟ್ಟಿನ ಪೆಟ್ಟಿಗೆಗಳು ಬಂದವು. ಬಂದ ಪೆಟ್ಟಿಗೆಗಳಿಗೆ ತಕ್ಕಷ್ಟು ರೋಗಿಗಳು ಬರಲಿಲ್ಲ. ಎಲ್ಲಿಂದ ಬಂದಾರು? ಗೆರೆಯಲ್ಲಿದ್ದಷ್ಟು ಜ್ವರ ಬೀದಿಯಲ್ಲಿ ಇರಲೇ ಇಲ್ಲ. ಪೆಟ್ಟಿಗೆಗಳು ಬಿಚ್ಚದೆ ಕಪಾಟಿನಲ್ಲಿ ಕೂತವು. ಕಪಾಟು ತೆರೆದಾಗಲೆಲ್ಲ ಅವು ಕಣ್ಣಿಗೆ ಬಿದ್ದು ದೊಡ್ಡವಳಿಗೆ ಬಹುಮಾನದ ಬಟ್ಟಲು ಕಂಡಷ್ಟು ಹಿತವಾಗುತ್ತಿತ್ತು.

ಒಂದು ಸಂಜೆ ಚಿಕ್ಕವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ, ತಮ್ಮ ಕಡೆ ವಸತಿಗೃಹದಲ್ಲಿ ಕೆಮ್ಮು ಜೋರಾಗಿದೆ ಎಂದಳು. ಸೀಸೆಗಳಲ್ಲೂ ಸ್ವಲ್ಪ ಸ್ವಲ್ಪ ಏರುತ್ತಿದೆ, ಆದರೆ ಮಾರುಕಟ್ಟೆಯ ಗೆರೆಯ ಪಕ್ಕದಲ್ಲಿ ಅದು ಕಾಣುವುದೇ ಇಲ್ಲ ಎಂದು ನಕ್ಕಳು. ಆಮೇಲೆ ಹಗುರವಾಗಿ ಇನ್ನೊಂದು ಮಾತು ಸೇರಿಸಿದಳು.

"ನಮಗೆ ಬರಬೇಕಾಗಿದ್ದ ಕ್ಯಾಪ್ಸೂಲ್ ಕೂಡ ನಿಮ್ಮ ಕಡೆಗೇ ಕಳಿಸಿ ಅಂತ ಡಾಕ್ಟರಮ್ಮನಿಗೆ ನಾನೇ ಹೇಳಿದೆ ಅಕ್ಕ. ಪಾಪ, ನಿಮ್ಮಲ್ಲಿ ಅಷ್ಟೊಂದು ಜನ ಮಲಗಿರುವಾಗ ನಾವು ಇಟ್ಕೊಂಡು ಏನು ಮಾಡೋದು."

 ದೊಡ್ಡವಳಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆಗಲೇ ಹೇಳಿಬಿಡಬಹುದಿತ್ತು. ಅಷ್ಟರಲ್ಲಿ ಅತ್ತೆ ಒಳಗೆ ಬಂದು, ನೋಡು, ಎಂಥ ಮನಸ್ಸು ಈ ಹುಡುಗಿಗೆ ಎಂದುಬಿಟ್ಟರು. ತೆರೆದಿದ್ದ ಬಾಯಿಯನ್ನು ದೊಡ್ಡವಳು ಮುಚ್ಚಿಕೊಂಡಳು. ತನ್ನ ಹಿರಿಮೆಯ ದಿನಗಳಲ್ಲೂ ಹೊಗಳಿಕೆ ದಾರಿ ತಪ್ಪಿ ಚಿಕ್ಕವಳ ಬಾಗಿಲಿಗೇ ಹೋಗುತ್ತದಲ್ಲ ಎಂದು ಸಂಕಟವಾಯಿತು.

ಆಡಿದ ಮಾತು ಒಡೆದ ಮುತ್ತು ಎನ್ನುವುದು ಮುಂದಿನ ವಾರ ಊಟಕ್ಕೆ ಕೂತಾಗ ನಿಜವಾಯಿತು. ಚಿಕ್ಕವಳ ಮುಖ ಬಾಡಿತ್ತು. ಇವತ್ತು ಮೂರನೆಯವನು ಬರೀ ಸೀನುತ್ತಿದ್ದ, ನಾಲ್ಕನೆಯ ಹುಡುಗಿಯ ಮೈ ಹೆಂಚಿನಂತೆ ಕಾದಿತ್ತು, ಅವಳದು ತೆಗೆದುಕೊಳ್ಳಬೇಕು ಅಂತ ಕೈ ತುಡಿಯಿತು, ಆದರೂ ಬಿಟ್ಟೆ ಎಂದಳು. ದೊಡ್ಡವಳು ಕಲಸಿದ ತುತ್ತನ್ನು ಎತ್ತುತ್ತಾ ಯೋಚನೆಯೇ ಇಲ್ಲದೆ ಉತ್ತರ ಕೊಟ್ಟಳು.

"ಸೀನೋನಿಗೆ ಯಾಕೆ ಕಡ್ಡಿ ದಂಡ ಮಾಡ್ತೀಯ? ಮುಖ ನೋಡಿದ್ರೆ ಗೊತ್ತಾಗಲ್ವಾ, ಯಾರದು ತಗೋಬೇಕು ಅಂತ."

ಹೇಳಿದ ಮೇಲೆ, ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಚಿಕ್ಕವಳು ಅವಳನ್ನೇ ನೋಡಿದಳು. ಕೋಪದ ನೋಟವಲ್ಲ, ಮೆಟ್ಟಿಲು ಇದೆ ಎಂದು ಕಾಲಿಟ್ಟು, ಇಲ್ಲದ್ದು ಗೊತ್ತಾದವರ ನೋಟ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ದೊಡ್ಡವಳು ಹೆಗಲು ಮುಟ್ಟಿ ನೋಡಿಕೊಂಡಳು. ತಮಾಷೆಗೆ ಅಂದೆ ಎಂದು ಬೇಡದ ಸಮಜಾಯಿಷಿ ಕೊಟ್ಟಳು. ಚಿಕ್ಕವಳು ನೀರು ಕುಡಿದು, ಮೈ ಸರಿಯಿಲ್ಲ ಎಂದು ಎದ್ದು ಮೇಲೆ ಹೋದಳು.

ಮೈ ನಿಜವಾಗಿಯೂ ಸರಿಯಿರಲಿಲ್ಲ. ವಸತಿಗೃಹದ ಕೆಮ್ಮು ಅವಳಿಗೂ ಹತ್ತಿತ್ತು. ಎರಡು ದಿನದಲ್ಲಿ ಜ್ವರ ಎದೆಗಿಳಿದು, ಮೆಟ್ಟಿಲಿಳಿಯಲಾಗದ ಅವಳನ್ನು ಗಂಡ ಎತ್ತಿಕೊಂಡು ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದ. ಆ ವಾರ್ಡಿನ ಮಂಚಗಳಲ್ಲಿ ಅರ್ಧಕ್ಕರ್ಧ ಹೊಲಿಗೆಯ ಹುಡುಗಿಯರೇ. ಮೊದಲೇ ಕ್ಯಾಪ್ಸೂಲು ಸಿಕ್ಕಿದ್ದರೆ ಇವರಲ್ಲಿ ಎಷ್ಟೋ ಜನ ಮನೆಯಲ್ಲೇ ಎದ್ದು ಕೂರುತ್ತಿದ್ದರು ಎಂದು ಅಲ್ಲಿನ ಡಾಕ್ಟರು ಯಾರಿಗೋ ಹೇಳಿದ್ದು ದೊಡ್ಡವಳ ಕಿವಿಗೆ ಬಿತ್ತು. ಕ್ಯಾಪ್ಸೂಲು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಕಪಾಟಿನ ಬೀಗದ ಕೈ ಅವಳ ಕೈಚೀಲದಲ್ಲೇ ಇತ್ತು.

ಅಂಥ ಹೊತ್ತಿನಲ್ಲೂ ಹೊಟ್ಟೆಕಿಚ್ಚು ಮಾನ ಮರ್ಯಾದೆ ನೋಡಲಿಲ್ಲ. ಮಂಚದ ಸುತ್ತ ಅತ್ತೆ, ಮೈದುನ, ಕಾರ್ಖಾನೆಯ ಹೆಂಗಸರು, ಬೀದಿಯವರು. ತಾನು ಮಲಗಿದರೆ ಇಷ್ಟು ಜನ ಬರುತ್ತಾರೆಯೇ ಎಂಬ ಪ್ರಶ್ನೆ ಅವಳ ತಲೆಯಲ್ಲಿ ಹಾದುಹೋಯಿತು. ಅದಕ್ಕೆ ಅವಳು ತನ್ನನ್ನೇ ಬೈದುಕೊಂಡಳು. ಬೈದದ್ದನ್ನು ಕೇಳಿ ಹೋಗುವ ಜಾತಿಯದಲ್ಲ ಅದು.

ಚಿಕ್ಕವಳ ಗಂಟಲಿನಿಂದಲೂ ಮಾದರಿ ತೆಗೆಯಬೇಕಾಗಿತ್ತು. ವಾರ್ಡಿನ ಸಿಸ್ಟರು ಬಂದಾಗ ಅವಳು ಕೈಯಾಡಿಸಿ ಬೇಡವೆಂದು, ದೊಡ್ಡವಳ ಕಡೆ ಬೆರಳು ತೋರಿಸಿದಳು. ದೊಡ್ಡವಳು ಕೈಗವಸು ಹಾಕಿ ಹತ್ತಿರ ಬಂದಳು. ಆಮ್ಲಜನಕದ ಕೊಳವೆಯನ್ನು ಸರಿಸಿದಾಗ ಚಿಕ್ಕವಳು ಮೆಲ್ಲಗೆ ಕೇಳಿದಳು.

"ನಾನು ಮೂರನೆಯವಳಾ ಅಕ್ಕ?"

"ವಾರ್ಡಲ್ಲಿ ಸರದಿ ಇಲ್ಲ. ಎಲ್ಲರದೂ ತಗೋತಾರೆ."

"ಸರದಿ ಇರೋ ಕಡೆ ಸರದಿ ಮೇಲೇ ತಗೋಬೇಕು. ನೀವೇ ಹೇಳಿಕೊಟ್ಟಿದ್ದು." ಅಷ್ಟು ಹೇಳಿ ಬಾಯಿ ತೆರೆದಳು.

ದೊಡ್ಡವಳು ಕಡ್ಡಿ ತಿರುವಿ ಸೀಸೆಯೊಳಗೆ ಮುರಿದಳು. ಗೊತ್ತಾಗಿದೆ. ಇವಳಿಗೆ ಎಲ್ಲ ಗೊತ್ತಾಗಿದೆ.

ಮರುದಿನ ಬೆಳಗಾಗುತ್ತಲೇ ಅವಳು ಬಸ್ಸು ಹತ್ತಿ ಪ್ರಾಂತ್ಯದ ಕಚೇರಿಗೆ ಹೋದಳು. ಪಶ್ಚಾತ್ತಾಪದಿಂದ ಹೋದಳೋ, ಸಿಕ್ಕಿಬೀಳುವ ಭಯದಿಂದ ಹೋದಳೋ ಎಂದು ಕೇಳಿದರೆ ಅವಳಿಗೇ ಬೇರ್ಪಡಿಸಿ ಹೇಳಲಾಗುತ್ತಿರಲಿಲ್ಲ. ಚಿಕ್ಕವಳ ಎದೆಯ ಗೊರಗೊರ ಸದ್ದು ಕಿವಿಯಿಂದ ಹೋಗಿರಲಿಲ್ಲ, ಅದೊಂದು ನಿಜ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಇಷ್ಟು ಕಷ್ಟದ ಕೆಲಸ ಚಿಕ್ಕವಳಿಂದಲೂ ಆಗುತ್ತಿರಲಿಲ್ಲ ಎಂದು ನಡುವೆ ಒಂದು ಸಣ್ಣ ಹೆಮ್ಮೆಯೂ ಬಂದುಹೋಯಿತು.

ಡಾಕ್ಟರಮ್ಮ ಗೋಡೆಯ ನಕ್ಷೆಯ ಮುಂದೆ ನಿಂತಿದ್ದರು. ದೊಡ್ಡವಳು ಕೂರದೆಯೇ ಎಲ್ಲವನ್ನೂ ಕಡ್ಡಿ ಮುರಿದಂತೆ ಹೇಳಿ ಮುಗಿಸಿದಳು. ಸರದಿ ತಪ್ಪಿಸಿದೆ. ಜ್ವರ ಹೆಚ್ಚಿದವರನ್ನೇ ಹೆಕ್ಕಿದೆ. ಮಾರುಕಟ್ಟೆಯಲ್ಲಿ ಅಷ್ಟು ಫ್ಲೂ ಇಲ್ಲ. ಕ್ಯಾಪ್ಸೂಲು ಕಪಾಟಿನಲ್ಲಿದೆ. ಡಾಕ್ಟರಮ್ಮ ಬೆಚ್ಚಿಬೀಳಲಿಲ್ಲ. ಅದೇ ಅವಳಿಗೆ ಮೊದಲು ವಿಚಿತ್ರವೆನಿಸಿತು.

"ನಿಮ್ಮ ಓರಗಿತ್ತಿ ನಿನ್ನೆ ಮಂಚದಿಂದಲೇ ಫೋನ್ ಮಾಡಿದ್ರು," ಎಂದರು ಡಾಕ್ಟರಮ್ಮ. "ಮಾರುಕಟ್ಟೆ ಗೆರೆ ನೋಡ್ಬೇಡಿ, ಕಾರ್ಖಾನೆ ಕಡೆ ಔಷಧಿ ಕಳಿಸಿ ಅಂದ್ರು. ಕಳಿಸಿದೀವಿ. ಯಾಕೆ ಅಂತ ಕೇಳಿದ್ರೆ, ಅದನ್ನ ಅಕ್ಕ ಬಂದು ಹೇಳ್ತಾರೆ ಅಂದ್ರು. ನಾನು ಕಾಯ್ತಾ ಇದ್ದೆ."

ದೊಡ್ಡವಳು ಕುರ್ಚಿ ಹುಡುಕಿ ಕೂತಳು. ಜೀವನದಲ್ಲಿ ಒಂದು ದೊಡ್ಡ ಸತ್ಯ ಹೇಳಲು ಬಂದರೆ, ಅಲ್ಲಿಯೂ ಚಿಕ್ಕವಳೇ ಮುಂದೆ. ಅವಮಾನ, ಸಂಕಟ, ಸಮಾಧಾನ ಎಲ್ಲ ಕಲಸಿಹೋದ ಆ ಗಳಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ತೇಲಿದ್ದು ಹಳೆಯ ಉರಿಯೇ. ಮುಖ್ಯ ಸಿಸ್ಟರ್ ಹುದ್ದೆಗೆ ದೊಡ್ಡವಳ ಹೆಸರೇ ಹೋಗುವುದರಲ್ಲಿತ್ತು ಎಂದು ಡಾಕ್ಟರಮ್ಮ ಹೇಳಿದರು.  ಅವಳಿಗೇ ಕೊಡಿ ಎಂದಳು ದೊಡ್ಡವಳು. ಎರಡೇ ಮಾತು, ಆದರೆ ಎರಡೂ ಕೆಂಡದ ಹಾಗೆ ನಾಲಿಗೆ ಸುಟ್ಟುಕೊಂಡು ಹೊರಬಂದವು. ಮಾರುಕಟ್ಟೆಯ ಅಷ್ಟೂ ವಾರಗಳ ಲೆಕ್ಕ ತೆಗೆದುಹಾಕುತ್ತಾರೆ, ಇನ್ನು ಮುಂದೆ ಸಾಲಿನ ಪಕ್ಕದಲ್ಲಿ ಇನ್ನೊಬ್ಬರು ನಿಂತು ನೋಡುತ್ತಾರೆ ಎಂದರು ಡಾಕ್ಟರಮ್ಮ. ದೊಡ್ಡವಳು ತಲೆಯಾಡಿಸಿ ಎದ್ದು ಬಂದಳು.

ಮಧ್ಯಾಹ್ನ ವಾರ್ಡಿಗೆ ಬಂದಾಗ ಚಿಕ್ಕವಳ ಹತ್ತಿರ ಯಾರೂ ಇರಲಿಲ್ಲ. ದಿಂಬಿಗೊರಗಿ ಕೂತಿದ್ದಳು. ನಡುನಡುವೆ ಉಸಿರಿಗಾಗಿ ನಿಂತು ನಿಂತು ಮಾತಾಡಬೇಕಾಗಿತ್ತು.

"ಹೋಗಿ ಬಂದ್ರಾ?"

"ಬಂದೆ. ಹುದ್ದೆ ನಿನಗೇ ಆಯ್ತು."

ಬೇಡ, ನಿಮಗೇ ಇರಲಿ ಎನ್ನುತ್ತಾಳೇನೋ ಎಂದು ದೊಡ್ಡವಳು ಕಾದಳು. ಚಿಕ್ಕವಳು ಅನ್ನಲಿಲ್ಲ. ನನಗೆ ಬೇಕಾಗಿತ್ತು ಎಂದಳು, ನೇರವಾಗಿ. ದೊಡ್ಡವಳಿಗೆ ಅದರಿಂದ ಒಂಥರಾ ಹಗುರವಾಯಿತು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ತಾನಾಗಿ ಬಂತು.

"ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣೆ."

"ಗೊತ್ತು ಅಕ್ಕ. ಮನೇಲಿ ಎಲ್ಲರಿಗೂ ಗೊತ್ತು. ಅತ್ತೆ ನಿಮ್ಮ ಎದುರಿಗೆ ನನ್ನ ಹೊಗಳೋದೇ ಅದಕ್ಕೆ. ಹೊಗಳಿದ ದಿನ ಅಡುಗೆಮನೆ ಪಳಪಳ ಅನ್ನುತ್ತಂತೆ."

 ಚಿಕ್ಕವಳ ಮುಖದಲ್ಲಿ ನಗು ಬಂದು, ಉಸಿರು ಸಾಲದೆ ಅಲ್ಲಿಗೇ ನಿಂತಿತು. ಅವಳು ದೊಡ್ಡವಳ ಸೆರಗಿನ ತುದಿ ಹಿಡಿದುಕೊಂಡಳು.

"ಉರೀಲಿ ಬಿಡಿ. ಆದ್ರೆ ಅದು ನನ್ನ ಮೇಲಿರಲಿ ಅಕ್ಕ. ಸಾಲಲ್ಲಿ ನಿಂತಿರೋರ ಮೇಲೆ ಬೇಡ."

ದೊಡ್ಡವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದಳು. ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿ ಚಮಚದಲ್ಲಿ ಕುಡಿಸಿದಳು. ಒಂದು ಗುಟುಕು ತಪ್ಪು ದಾರಿ ಹಿಡಿದು ಚಿಕ್ಕವಳಿಗೆ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಮುಖ ಕೆಂಪೇರಿ, ತುಟಿ ಕಪ್ಪಿಟ್ಟು, ಕಣ್ಣು ಮೇಲೆ ಹೋಗುವಂತಾಯಿತು. ದೊಡ್ಡವಳು ಲೋಟ ಎಸೆದು ಅವಳನ್ನು ಎದೆಗಾನಿಸಿಕೊಂಡಳು. ಬೆನ್ನು ನೀವುತ್ತಾ, ಉಸಿರು ಎಳ್ಕೋ, ಮೆಲ್ಲಗೆ, ಮೆಲ್ಲಗೆ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಆ ಕೆಮ್ಮು ನಿಲ್ಲುವವರೆಗೆ ಅವಳಿಗೆ ಹೊಟ್ಟೆಕಿಚ್ಚಿನ ನೆನಪೇ ಆಗಲಿಲ್ಲ. ನಿಂತ ಮೇಲೆ ಆಯಿತು.